ಹೊರೆಕಾಣಿಕೆಗೆ ಹೋದ ಕ್ಯಾಬೇಜು

"ಬೇಡ ಅಂತ ನನ್ನ ಬಾಯಲ್ಲಿ ಒಂದು ದಿವಸವೂ ಬರುದಿಲ್ಲ ಮಾವ. ಬೇಕಾದ್ರೆ ಈಗಲೇ ಮಾತು ಕೊಡ್ತೇನೆ."

ಹೆಣ್ಣು ನೋಡಲು ಬಂದ ದಿನ ಪೆರಾಬೆಯ ಮನೆಯ ಜಗಲಿಯಲ್ಲಿ ಕೂತು ರೂಪೇಶ ಹೀಗೆ ಹೇಳಿದ್ದ. ಹದಿಮೂರು ವರ್ಷದ ಹಿಂದಿನ ಮಾತು. ಭವಿತಾ ಆಗ ಪುತ್ತೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಹುಡುಗಿಗೆ ಓದು ಮುಗಿಸಬೇಕು, ಆಮೇಲೆ ಒಂದು ಕೆಲಸಕ್ಕೆ ಹೋಗಬೇಕು ಅಂತ ಉಂಟು, ನೀವು ಅದಕ್ಕೆ ಎಂತ ಹೇಳ್ತೀರಿ ಎಂದು ಅವಳ ಅಪ್ಪ ಕೇಳಿದ್ದರು. ರೂಪೇಶ ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಕೆಳಗಿಟ್ಟು ಮಾತು ಕೊಟ್ಟ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಭವಿತಾಳಿಗೆ ಹುಡುಗನ ಮುಖಕ್ಕಿಂತ ಮೊದಲು ಆ ಮಾತು ಹಿಡಿಸಿತು.

ಬಾಯಿಮಾತಿಗೆ ಹೇಳಿದ್ದಲ್ಲ ಅವನು. ರೂಪೇಶ ಯಾರಿಗೂ ಯಾವುದಕ್ಕೂ ಬೇಡ, ಇಲ್ಲ, ಆಗುವುದಿಲ್ಲ ಎಂದವನೇ ಅಲ್ಲ. ಐವರ್ನಾಡಿನಲ್ಲಿ ಅವನದು ಶಾಮಿಯಾನದ ವ್ಯವಹಾರ. ಚಪ್ಪರ, ಕುರ್ಚಿ, ಮೇಜು, ಅನ್ನ ಬೇಯಿಸುವ ದೊಡ್ಡ ಪಾತ್ರೆ, ಒಂದು ಪಿಕಪ್. ಮದುವೆಯಾಗಲಿ, ಸತ್ತವರ ಬೊಜ್ಜವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಫೋನ್ ಬಂದರೆ ಸಾಕು, "ಆಯ್ತು ಮಾರಾಯ, ಬಂದೆ" ಎಂದು ಹೊರಡುವ ಜನ. ಊರಿನಲ್ಲಿ ಅವನಿಲ್ಲದ ಕಮಿಟಿ ಇಲ್ಲ. ಇಂಥ ಒಳ್ಳೆಯ ಮನುಷ್ಯನ ಹೆಂಡತಿಯಾಗಿ ಬದುಕುವುದು ಕಷ್ಟ ಎಂದರೆ ನಂಬುವವರು ಯಾರು? ಭವಿತಾ ಹೇಳಲಿಕ್ಕೇ ಹೋಗಲಿಲ್ಲ.

ಮದುವೆಯಾದ ಮರುವರ್ಷ ಕೊನೆಯ ಪರೀಕ್ಷೆ ಬಂತು. ಅದೇ ವಾರ ಅತ್ತೆ ದೇವಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ರೂಪೇಶನಿಗೆ ಬೆಳ್ಳಾರೆಯಲ್ಲಿ ಮದುವೆಯ ಚಪ್ಪರ.

"ಹೋಗು ಮಾರಾಯ್ತಿ, ನಾನು ಬೇಡ ಹೇಳಿದೆನಾ?" ಎಂದ ಅವನು, ಪಿಕಪ್ಪಿಗೆ ಕಂಬಗಳನ್ನು ಏರಿಸುತ್ತ. "ಅಮ್ಮನನ್ನು ಯಾರು ನೋಡುದು ಅಂತ ಮಾತ್ರ ಒಂದು ಹೇಳಿ ಹೋಗು."

ಅವಳು ಹೋಗಲಿಲ್ಲ. ಅದರ ಮರುವರ್ಷ ಮಗಳು ನವ್ಯಾ ಹೊಟ್ಟೆಯಲ್ಲಿ. "ಹೋಗುದಾದ್ರೆ ಹೋಗು. ಬಸ್ಸಿನ ಕುಲುಕಾಟ ಆಗುದಿಲ್ಲ ಅಂತ ಡಾಕ್ಟ್ರು ಹೇಳಿದ್ದು ನಿನಗೂ ಗೊತ್ತುಂಟಲ್ಲ." ಆಮೇಲೆ ಯೂನಿವರ್ಸಿಟಿಯವರು ಪಠ್ಯಕ್ರಮವನ್ನೇ ಬದಲಾಯಿಸಿದರು, ಹಳೆಯ ಪರೀಕ್ಷೆ ಇಲ್ಲವಾಯಿತು. ಪದವಿ ಅಲ್ಲಿಗೆ ನಿಂತಿತು. ಯಾರೂ ನಿಲ್ಲಿಸಿದ್ದಲ್ಲ, ತಾನಾಗಿ ನಿಂತದ್ದು.

ಕೊನೆಗೆ ಅವಳಿಗೆ ಸಿಕ್ಕಿದ್ದು ಹಾಲಿನ ಸೊಸೈಟಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಜನ ತಂದ ಹಾಲನ್ನು ಅಳೆಯುವುದು, ಫ್ಯಾಟ್ ನೋಡುವುದು, ಕ್ಯಾನಿಗೆ ಸುರಿಯುವುದು. ಇದಕ್ಕೂ ರೂಪೇಶ ಬೇಡ ಎನ್ನಲಿಲ್ಲ. ನಡುವಿನ ಇಡೀ ಹಗಲು ಅವಳು ಮನೆಯಲ್ಲಿರುತ್ತಾಳಲ್ಲ. ಪಾಯಸ, ಸಾರು ಚೆಲ್ಲಿದ ಮೇಜಿನ ಬಟ್ಟೆಗಳನ್ನು ನೆನೆಹಾಕಿ ಒಗೆಯಬೇಕು. ಚಪ್ಪರದ ಬಟ್ಟೆಗಳನ್ನು ಒಣಗಿಸಿ ಮಡಚಬೇಕು. ಕುರ್ಚಿಗೆ ಹಾಕುವ ಬಿಳಿ ಗವಸುಗಳಿಗೆ ನೀಲಿ ಹಾಕಬೇಕು. ಹಾಲಿನ ಕೆಲಸಕ್ಕೆ ಸಂಬಳವಾದರೂ ಇತ್ತು. ಈ ಕೆಲಸಕ್ಕೆ ಹೆಸರೇ ಇರಲಿಲ್ಲ.

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಸೊಸೈಟಿಯ ಸೆಕ್ರೆಟರಿ ಒಂದು ಸುದ್ದಿ ಹೇಳಿದರು. ಬರುವ ಏಪ್ರಿಲ್‌ಗೆ ಈ ಕೇಂದ್ರ ಮುಚ್ಚುತ್ತದೆ, ಹಾಲೆಲ್ಲ ಮಾರ್ಗದಾಚೆಯ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಮೆಷಿನ್ ಉಂಟು, ಜನ ಬೇಕಿಲ್ಲ. ಭವಿತಾಳಿಗೆ ಕಣ್ಣೆದುರು ಬಂದದ್ದು ಬಿಳಿ ಗವಸುಗಳ ರಾಶಿ.

ಅದೇ ತಿಂಗಳು ಅವಳು ಬೆಟ್ಟಂಪಾಡಿಯ ಗೌರೀಶಂಕರ ಭಟ್ಟರ ನರ್ಸರಿಗೆ ಮೆಣಸಿನ ಗಿಡ ತರಲು ಹೋಗಿದ್ದಳು. ಭಟ್ಟರು ಹಿಂದಿನ ಗುಡ್ಡವನ್ನು ಸಮತಟ್ಟು ಮಾಡಿಸಿ ದೊಡ್ಡದೊಂದು ಶೆಡ್ ಎಬ್ಬಿಸುತ್ತಿದ್ದರು. ಮಣ್ಣಿಲ್ಲದೆ, ಬರೀ ನೀರಿನಲ್ಲಿ ತರಕಾರಿ ಬೆಳೆಯುವ ಶೆಡ್ಡು. ಪುತ್ತೂರು, ಮಂಗಳೂರಿನ ಹೋಟೆಲುಗಳ ಜೊತೆ ಮಾತಾಗಿದೆಯಂತೆ. ನೋಡಿಕೊಳ್ಳಲು ಒಬ್ಬರು ಬೇಕಂತೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದಕ್ಕೆ ಹೋಗುವ ಕೆಲಸ, ತಿಂಗಳ ಸಂಬಳ.

"ನಾನು ಮಾಡ್ಬಹುದಾ ಭಟ್ರೆ?" ಎಂದು ಅವಳ ಬಾಯಿಂದ ತಾನಾಗಿ ಬಂತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದು, ಹಾಲಿನ ಮೀಟರು ನೋಡಿ ಅಭ್ಯಾಸ ಇರುವುದು, ಎಲ್ಲ ಹೇಳಿದಳು.

ಭಟ್ಟರು ಅವಳನ್ನು ಅಳೆಯುವ ಹಾಗೆ ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು, "ಸೊಪ್ಪು ಯಾರಾದ್ರೂ ಬೆಳೀತಾರೆ. ಕ್ಯಾಬೇಜು ಬೆಳೆದು ತೋರಿಸಿ," ಎಂದರು. "ನಮ್ಮ ಈ ಸೆಕೆಯಲ್ಲಿ ಕ್ಯಾಬೇಜಿಗೆ ಉಂಡೆ ಕಟ್ಟುದಿಲ್ಲ. ನೀರಲ್ಲಿ ಕಟ್ಟಿಸಿದವರಿಗೆ ಬಾಕಿದ್ದೆಲ್ಲ ಲೆಕ್ಕವೇ ಅಲ್ಲ. ಫೆಬ್ರವರಿಗೆ ಶೆಡ್ಡು ಆಗ್ತದೆ. ಅಷ್ಟರೊಳಗೆ ಕಟ್ಟಿಸಿದ್ರೆ ಕೆಲಸ ನಿಮ್ಮದು."

"ಫೋಟೋ ತೆಗೆದು ಕಳಿಸ್ತೇನೆ."

"ಫೋಟೋ ಬೇಡ ಅಮ್ಮ. ಹೋದ ವರ್ಷ ಒಬ್ಬ ಯಾರದೋ ಫೋಟೋ ತೋರಿಸಿ ನನಗೆ ಟೊಪ್ಪಿ ಹಾಕಿ ಹೋದ. ನಾನೇ ಬಂದು ಮುಟ್ಟಿ ನೋಡ್ತೇನೆ."

ಹೀಗೆ ಶುರುವಾಯಿತು. ಬೆಳೆಸುವ ತೊಟ್ಟಿಗೆ ಸುರಿಯಲು ಅವಳಲ್ಲಿ ಹಣ ಇರಲಿಲ್ಲ. ದಿನಾ ಹಾಲು ತರುವ ನಶೀದಾಳ ಗಂಡ ಇಮ್ತಿಯಾಝ್‌ನದು ಮೀನಿನ ವ್ಯಾಪಾರ. ಮಂಗಳೂರಿನಿಂದ ಐಸಿನ ಜೊತೆ ಮೀನು ಬರುವ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಳು ಅವರ ಮನೆಯ ಹಿಂದೆ ರಾಶಿ ಬಿದ್ದಿರುತ್ತಿದ್ದವು. ನಾಲ್ಕು ಕೊಡು ಎಂದು ಭವಿತಾ ಕೇಳಿದಾಗ ನಶೀದಾ ಹಾಲಿನ ಪಾತ್ರೆ ಹಿಡಿದುಕೊಂಡೇ ನಕ್ಕಳು.

"ನೀರಲ್ಲಿ ಬಂಗುಡೆ ಬೆಳೀತದೆ ಮಾರಾಯ್ತಿ, ಕ್ಯಾಬೇಜು ಎಂತದ್ದು? ನಾಲ್ಕಲ್ಲ, ಹತ್ತು ತಗೊಂಡು ಹೋಗು. ನಮ್ಮವರು ಮಾರ್ಗದ ಬದಿ ಬಿಸಾಡಿ ಪಂಚಾಯತಿನವರ ಹತ್ರ ಬೈಸಿಕೊಳ್ಳುದು ತಪ್ಪಲಿ."

ಥರ್ಮೋಕೋಲಿನಲ್ಲಿ ನೀರು ಬೇಗ ಬಿಸಿಯಾಗುವುದಿಲ್ಲ. ಅದೇ ಅವಳಿಗೆ ಬೇಕಾದದ್ದು. ಸೋಪು, ಬಿಸಿನೀರು, ಲಿಂಬೆಹುಳಿ ಹಾಕಿ ವಾಸನೆ ಹೋಗುವವರೆಗೆ ತಿಕ್ಕಿದಳು. ಪೆಟ್ಟಿಗೆಯ ಮೈಮೇಲೆ ಅಚ್ಚಾಗಿದ್ದ ನೀಲಿ ಮೀನಿನ ಚಿತ್ರ ಮಾತ್ರ ಹೋಗಲಿಲ್ಲ. ಮುಚ್ಚಳದಲ್ಲಿ ತೂತು ಕೊರೆದು, ಮೊಸರಿನ ಪ್ಲಾಸ್ಟಿಕ್ ಡಬ್ಬಿಗಳ ತಳ ಕತ್ತರಿಸಿ ಕೂರಿಸಿ, ಅದರಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಇಟ್ಟಳು. ಕೆಳಗೆ ಗೊಬ್ಬರ ಕರಗಿಸಿದ ನೀರು. ಗಾಳಿಯಾಡಲು ಮನೆಯೊಳಗೆ ಬಣ್ಣದ ಮೀನು ಸಾಕುವವರು ಇಟ್ಟುಕೊಳ್ಳುವ ಸಣ್ಣ ಪಂಪು. ತಾರಸಿಯ ಮೇಲೆ ಹಸಿರು ನೆಟ್ಟಿನ ಕೆಳಗೆ ಅವಳ ತೋಟ.

ಮೊದಲನೆಯದು ಪೂರ್ತಿ ಹಾಳಾಯಿತು. ಎಲೆಗಳು ಕೊಡೆ ಬಿಡಿಸಿದ ಹಾಗೆ ಅಗಲವಾದವು, ಒಂದಾದರೂ ಒಳಗೆ ಮಡಚಲಿಲ್ಲ. ದೇವಮ್ಮ ಅದನ್ನೇ ಕೊಯ್ದು ಪಲ್ಯ ಮಾಡಿದರು. "ಕೆಸುವಿನ ಹಾಗೆ ಉಂಟು. ಇದಕ್ಕೆ ಇಷ್ಟು ಕರೆಂಟು ಸುಡ್ಬೇಕಿತ್ತಾ?" ಎಂದರು. ರೂಪೇಶ ಎರಡು ಸಲ ಬಡಿಸಿಕೊಂಡು ತಿಂದು, "ಪರ್ವಾಗಿಲ್ಲ ಬಿಡು, ಮತ್ತೆ ಮಾಡು," ಎಂದ. ಅವನ ದೊಡ್ಡ ಮನಸ್ಸಿಗೆ ಕೊರತೆ ಎಂದೂ ಇರಲಿಲ್ಲ.

ತಪ್ಪು ಎಲ್ಲಿ ಎಂದು ಹುಡುಕಿ, ಹುಡುಕಿ ಅವಳು ಕಂಡುಕೊಂಡದ್ದು ನೀರಿನ ಬಿಸಿಯನ್ನು. ನವೆಂಬರಿನಲ್ಲಿ ಸೆಕೆ ತಡೆಯುವ ತಳಿಯ ಬೀಜ ತರಿಸಿ ಎರಡನೇ ಸಲ ಇಟ್ಟಳು. ಈ ಸಲ ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಪೆಟ್ಟಿಗೆಗೊಂದರಂತೆ ಇಳಿಬಿಟ್ಟಳು. ಅಲ್ಲಿಂದ ಅತ್ತೆ ಸೊಸೆಯರ ಜಗಳ ಫ್ರೀಜರಿಗೆ ಬಂತು.

"ನನ್ನ ಮೀನು ಎಲ್ಲಿ ಇಡುದು? ನಿನ್ನ ತಲೆಮೇಲೆಯಾ?"

"ಸೋಮವಾರ, ಶನಿವಾರ ನೀವು ಮೀನು ತಿನ್ನುದಿಲ್ಲ ಅಲ್ವಾ ಅತ್ತೆ, ಆ ಎರಡು ದಿವಸ ಆದ್ರೂ ಬಿಡಿ."

"ನಿನ್ನ ಗಿಡಕ್ಕೆ ಸೆಕೆ ಆಗುದು ವಾರದಲ್ಲಿ ಎರಡೇ ದಿವಸವಾ? ಅದರ ಕಾಲಿಗೆ ಐಸು. ನನಗೆ ಈ ಮುರಿದ ಕಾಲಿಗೆ ಎಣ್ಣೆ ಬಿಸಿ ಮಾಡಿ ಕೊಡ್ಲಿಕ್ಕೆ ಜನ ಇಲ್ಲ!"

ಬೈಯುತ್ತಲೇ ದೇವಮ್ಮ ಮೀನು ತರಿಸುವುದನ್ನು ಕಡಿಮೆ ಮಾಡಿದರು. ಅದನ್ನು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ, ಹಾಲಿಗೆ ಹೊರಡುವ ಮೊದಲು ತಾರಸಿ ಹತ್ತಿದವಳು ಅಲ್ಲೇ ಕೂತುಬಿಟ್ಟಳು. ನಡುವಿನ ಎಲೆಗಳು ಮುಷ್ಟಿ ಹಿಡಿದ ಹಾಗೆ ಒಂದರ ಮೇಲೊಂದು ಬಾಗಿದ್ದವು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿದರೆ ಎಲ್ಲಿ ಹಾಳಾಗುತ್ತದೋ ಎಂದು ಕೈಯನ್ನು ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು. ಫೆಬ್ರವರಿಯ ಹೊತ್ತಿಗೆ ಒಂದನ್ನು ಬಿಟ್ಟು ಉಳಿದೆಲ್ಲ ಗಿಡಗಳಲ್ಲಿ ಉಂಡೆ ಬಲಿತಿತ್ತು. ಸಂತೆಯಲ್ಲಿ ಬರುವಷ್ಟು ದೊಡ್ಡದಲ್ಲ. ಆದರೆ ಹೆಬ್ಬೆಟ್ಟಿನಲ್ಲಿ ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ, ಅಷ್ಟು ಗಟ್ಟಿ. ಮೂಲೆಯ ಪೆಟ್ಟಿಗೆಯ ಒಂದು ಗಿಡ ಮಾತ್ರ ಹಳೆಯ ಹಾಗೆಯೇ ಎಲೆ ಅಗಲಿಸಿಕೊಂಡು ನಿಂತಿತ್ತು.

ಭಟ್ಟರಿಗೆ ಫೋನ್ ಮಾಡಿದಳು. "ಸೋಮವಾರ ಸುಳ್ಯಕ್ಕೆ ಬರುದುಂಟು, ದಾರಿಯಲ್ಲಿ ಬಂದು ನೋಡ್ತೇನೆ. ಗಿಡದಲ್ಲೇ ಇರಲಿ," ಎಂದರು ಅವರು.

ರೂಪೇಶನಿಗೂ ಹೇಳಿದಳು. ಅವನು ಆಗ ಒಂದು ಕಿವಿಗೆ ಫೋನ್ ಹಿಡಿದುಕೊಂಡು ಅನ್ನಕ್ಕೆ ಸಾರು ಕಲಸುತ್ತಿದ್ದ. ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶದ ಉತ್ಸವ. ಊಟಕ್ಕೆಂದು ಊರೂರಿನಿಂದ, ಊರಿನೊಳಗಿನ ಬೈಲು ಬೈಲಿನಿಂದ ಅಕ್ಕಿ, ತೆಂಗಿನಕಾಯಿ, ತರಕಾರಿಯ ಹೊರೆಕಾಣಿಕೆ ಮೆರವಣಿಗೆಯಲ್ಲಿ ಹೋಗಬೇಕು. ಅವರ ಬೈಲಿಗೆ ಅವನೇ ಸಂಚಾಲಕ.

"ಸೋಮವಾರ ಭಟ್ರು ಬರ್ತಾರೆ, ಕ್ಯಾಬೇಜು ನೋಡ್ಲಿಕ್ಕೆ. ಗೊತ್ತಾಯ್ತಲ್ಲ? ಅದು ಕಂಡ್ರೆ ಕೆಲಸ ಆದ ಹಾಗೆಯೇ," ಎಂದಳು.

"ಬರ್ಲಿ, ಬರ್ಲಿ. ಬೇಡ ಹೇಳ್ತೇನಾ ನಾನು?" ಎಂದು ಅವಳಿಗೆ ಹೇಳಿ, ಫೋನಿಗೆ, "ಆಚೆ ಬೈಲಿನವರು ಲಾರಿ ತುಂಬಿಸ್ತಿದ್ದಾರಾ? ಅಯ್ಯೋ ದೇವರೇ," ಎಂದ.

ಶನಿವಾರ ಸಂಜೆ ಹಾಲಿನ ಲೆಕ್ಕ ಮುಗಿಸಿ ಅವಳು ಮಾರ್ಗಕ್ಕೆ ಬರುವಾಗ ಚೆಂಡೆಯ ಸದ್ದು ಕೇಳಿಸಿತು. ಹೊರೆಕಾಣಿಕೆಯ ಮೆರವಣಿಗೆ. ಮುಂದೆ ಭಜನೆಯ ಹುಡುಗಿಯರು, ಅವರ ಹಿಂದೆ ಕೊಡೆ, ಅದರ ಹಿಂದೆ ಸಾಲಾಗಿ ವಾಹನಗಳು. ಜನ ಬದಿಗೆ ಸರಿದು ಕೈ ಮುಗಿದರು. ಅವಳೂ ಹಾಲಿನ ವಾಸನೆಯ ಕೈ ಸೀರೆಗೆ ಒರೆಸಿ ಮುಗಿದಳು.

ಎರಡನೆಯ ವಾಹನ ಅವರದೇ ಪಿಕಪ್. ಮಾವಿನೆಲೆ, ಬಾಳೆಗಿಡ, ಕೇಸರಿ ಬಾವುಟ. ಹಿಂದುಗಡೆ ಅಕ್ಕಿಯ ಚೀಲ, ಕುಂಬಳಕಾಯಿ, ಸೌತೆ. ಮುಂದುಗಡೆ, ಎಲ್ಲರಿಗೂ ಕಾಣುವ ಹಾಗೆ ಬಿಳಿ ಗವಸು ಹಾಕಿದ ಮೇಜಿನ ಮೇಲೆ ಗೋಪುರ ಕಟ್ಟಿದ್ದರು. ಅವಳ ಕ್ಯಾಬೇಜಿನ ಗೋಪುರ. ತುದಿಗೊಂದು ದಾಸವಾಳ.

ಮೈಕು ಹೇಳುತ್ತಿತ್ತು: "ಮಣ್ಣನ್ನೇ ಮುಟ್ಟದೆ, ಶುದ್ಧ ನೀರಿನಲ್ಲಿಯೇ ಬೆಳೆಸಿದ ವಿಶೇಷ ತರಕಾರಿ! ಸಮರ್ಪಿಸುತ್ತಿರುವವರು ಶ್ರೀ ರೂಪೇಶ್ ಮತ್ತು ಮನೆಯವರು!"

ಪಿಕಪ್ಪಿನ ಬಾಗಿಲ ಬಳಿ ನಿಂತಿದ್ದ ರೂಪೇಶ ಅವಳನ್ನು ಕಂಡು ಕೈ ಎತ್ತಿ ನಕ್ಕ. ನೋಡಿದೆಯಾ, ಎಂಬಂಥ ನಗು. ಅವಳ ಮುಗಿದ ಕೈ ಹಾಗೆಯೇ ಇತ್ತು. ಸುತ್ತಲಿದ್ದವರ ಎದುರು ಅದನ್ನು ಇಳಿಸುವುದು ಹೇಗೆ ಎಂದೇ ಗೊತ್ತಾಗಲಿಲ್ಲ.

ಮನೆಗೆ ಬಂದು ತಾರಸಿಗೆ ಓಡಿದಳು. ಪಂಪು ಗುಳುಗುಳು ಎಂದು ಗಾಳಿ ಊದುತ್ತಲೇ ಇತ್ತು. ಮುಚ್ಚಳದ ತೂತುಗಳಲ್ಲಿ ಕತ್ತಿಯಲ್ಲಿ ಕಡಿದ ಬುಡಗಳು. ಮೂಲೆಯ ಉಂಡೆ ಕಟ್ಟದ ಗಿಡವೊಂದೇ ಇತ್ತು.

ರೂಪೇಶ ಬರುವಾಗ ಊಟದ ಹೊತ್ತು ಮೀರಿತ್ತು. ಕೊರಳಲ್ಲಿ ಕೇಸರಿ ಶಾಲು, ಮುಖದಲ್ಲಿ ಇನ್ನೂ ಮೆರವಣಿಗೆ.

"ಸೋಮವಾರ ಭಟ್ರು ಬರುದು ಅಂತ ಹೇಳಿದ್ದೆ ನಾನು," ಎಂದಳು ಭವಿತಾ.

"ಗೊತ್ತುಂಟು. ಅದಕ್ಕೇ ಒಂದು ಬಿಟ್ಟಿದ್ದೇನಲ್ಲ."

"ಅದರಲ್ಲಿ ಉಂಡೆ ಇಲ್ಲ."

"ಹೌದಾ?" ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ಕ್ಷಣ ಮುಖ ಸಣ್ಣದಾಯಿತು. ಆಮೇಲೆ, "ದೇವರಿಗೆ ಹೋದದ್ದು ಮಾರಾಯ್ತಿ, ಬೇರೆ ಎಲ್ಲಿಗೂ ಅಲ್ಲ. ಆಚೆ ಬೈಲಿನವರದ್ದು ಲಾರಿ ತುಂಬ ಬಂದಿತ್ತು. ನಮ್ಮದು ನೋಡಿದ್ರೆ ನಾಲ್ಕು ಕುಂಬಳಕಾಯಿ. ನಿನ್ನ ಕ್ಯಾಬೇಜು ಇಟ್ಟ ಮೇಲೆ ಎಲ್ಲರ ಕಣ್ಣು ನಮ್ಮ ಗಾಡಿ ಮೇಲೆ. ಅಧ್ಯಕ್ಷರು ಬಂದು ನನ್ನ ಬೆನ್ನು ತಟ್ಟಿದ್ರು. ಮೈಕಿನಲ್ಲಿ ಹೇಳಿದ್ದು ನೀನೂ ಕೇಳಿದೆ ಅಲ್ಲ?"

"ಕೇಳಿದೆ. 'ಮನೆಯವರು'."

ಒಳಗಿನಿಂದ ದೇವಮ್ಮ ಕೋಲೂರಿಕೊಂಡು ಬಂದರು. "ಮೀನಿನ ಪೆಟ್ಟಿಗೆಯಲ್ಲಿ ಬೆಳೆದದ್ದನ್ನು ದೇವರಿಗೆ ತಗೊಂಡು ಹೋದೆಯಾ ನೀನು? ನಿನಗೆ ತಲೆ ಸಮ ಉಂಟಾ?"

ರೂಪೇಶನ ಕೈ ಕೊರಳ ಶಾಲಿಗೆ ಹೋಯಿತು. ಅದನ್ನವನು ಯೋಚಿಸಿಯೇ ಇರಲಿಲ್ಲ. "ಅಮ್ಮ, ಮೆಲ್ಲ ಮಾತಾಡು," ಎಂದು ಮಾರ್ಗದ ಕಡೆ ನೋಡಿದ. "ಯಾರಿಗೂ ಗೊತ್ತಾಗುದು ಬೇಡ."

ಎರಡು ಉಂಡೆಯಾದರೂ ಮರಳಿ ಸಿಕ್ಕೀತು ಎಂದು ಭಾನುವಾರ ಬೆಳಿಗ್ಗೆ ಹಾಲಿನ ಕೆಲಸ ಮುಗಿಸಿ ಅವಳು ಸೀದಾ ದೇವಸ್ಥಾನಕ್ಕೆ ಹೋದಳು. ಬಂದ ತರಕಾರಿಯನ್ನೆಲ್ಲ ಕೂಡಿಡುವ ಉಗ್ರಾಣದ ಎದುರು ಹೆಂಗಸರು ಸಾಲಾಗಿ ಕೂತು ಸೌತೆ ಹೆಚ್ಚುತ್ತಿದ್ದರು. ಉಗ್ರಾಣದ ಜವಾಬ್ದಾರಿ ಉದಯನದು, ರೂಪೇಶನ ಜೊತೆಯಲ್ಲಿ ಓದಿದವನು. ರೂಪೇಶನೂ ಅಲ್ಲೇ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ. ಅವಳನ್ನು ಕಂಡು ಲೋಟ ಕೆಳಗಿಟ್ಟ.

"ನಿನ್ನೆ ಬಂದ ಕ್ಯಾಬೇಜು ಎಲ್ಲಿ ಉಂಟು ಉದಯಣ್ಣ?" ಎಂದು ಕೇಳಿದಳು.

"ಕ್ಯಾಬೇಜಾ!" ಉದಯ ಜೋರಾಗಿ ನಕ್ಕ. "ಅದರದ್ದು ದೊಡ್ಡ ಕಥೆ ಆಯ್ತು. ಅಡಿಗೆ ಭಟ್ರು ನೋಡಿದವರೇ ಕೂಗಾಡಿದ್ರು, ದೇವರ ಅಡಿಗೆಗೆ ಕ್ಯಾಬೇಜು ಮುಟ್ಟುದುಂಟಾ, ಯಾರು ಇದನ್ನು ಒಳಗೆ ತಂದದ್ದು ಅಂತ. ರಾತ್ರಿಯೇ ಹೊರಗೆ ಹಾಕಿದೆವು. ಹಿಂದಿನ ಮನೆಯವರ ದನಗಳಿಗೆ ಹಬ್ಬ. ಯಾವ ಪುಣ್ಯಾತ್ಮ ಕೊಟ್ಟದ್ದೋ ಮಾರಾಯ್ರೆ, ಮುಂದಿನ ಸಲ ನೀರುಳ್ಳಿ, ಬೆಳ್ಳುಳ್ಳಿ ಹೊತ್ತುಕೊಂಡು ಬರ್ತಾನೆ!"

ಹೆಚ್ಚುತ್ತಿದ್ದ ಹೆಂಗಸರೆಲ್ಲ ನಕ್ಕರು. ಒಬ್ಬಳು, "ಮೊಟ್ಟೆ ತರದಿದ್ರೆ ಸಾಕು," ಎಂದಳು. ಮತ್ತಷ್ಟು ನಗು.

ರೂಪೇಶನೂ ನಕ್ಕ. ಎಲ್ಲರಿಗಿಂತ ಸ್ವಲ್ಪ ತಡವಾಗಿ ಶುರುಮಾಡಿ ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕ. ನಾನು ಕೊಟ್ಟದ್ದು ಎನ್ನಲಿಲ್ಲ. ಉಗ್ರಾಣದ ಕೆಲಸದವರು ಯಾರೂ ಮೆರವಣಿಗೆ ನೋಡಿರಲಿಲ್ಲ, ಮೈಕಿನಲ್ಲಿ ಹೇಳಿದ 'ವಿಶೇಷ ತರಕಾರಿ' ಯಾವುದು ಎಂದು ಅವರಿಗೆ ಹೊಳೆದಿರಲಿಲ್ಲ. ಹೊಳೆಯದಿರಲಿ ಎಂದು ಅವನ ಕಣ್ಣು ಭವಿತಾಳನ್ನು ಬೇಡಿಕೊಳ್ಳುತ್ತಿತ್ತು. ದೇವಸ್ಥಾನಕ್ಕೆ ಕ್ಯಾಬೇಜು ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಇಂಥ ಎಷ್ಟು ಅಡಿಗೆಗೆ ಅವನೇ ಪಾತ್ರೆ ಸಾಗಿಸಿಲ್ಲ? ಗೋಪುರ ಕಟ್ಟುವ ಗಡಿಬಿಡಿಯಲ್ಲಿ ಅದು ತಿನ್ನುವ ವಸ್ತು ಎಂಬುದೇ ಮರೆತುಹೋಗಿತ್ತು. ಒಂದು ಮಾತು ಅವಳನ್ನು ಕೇಳಿದ್ದರೆ ಅವಳು ಹೇಳುತ್ತಿದ್ದಳು.

ಅವಳು ಹಿತ್ತಲಿನ ಕಡೆ ಹೋಗಿ ನೋಡಿದಳು. ಸೆಗಣಿಯ ಪಕ್ಕ ನಾಲ್ಕು ಹೊರಗಿನ ಎಲೆಗಳು ಬಿದ್ದಿದ್ದವು. ದನಗಳು ಮೆಲುಕು ಹಾಕುತ್ತಿದ್ದವು.

ಸೋಮವಾರ ಬೆಳಿಗ್ಗೆ ನರ್ಸರಿಯ ಭಟ್ಟರಿಗೆ ಫೋನ್ ಮಾಡಿ ಬರಬೇಡಿ ಎಂದುಬಿಡಲೇ ಎಂದು ಅನ್ನಿಸಿತು. ಆದರೆ ಬುಡಗಳಿವೆ, ಬೇರುಗಳಿವೆ, ಇದ್ದದ್ದು ಇದ್ದ ಹಾಗೆ ಹೇಳಿದರೆ ತಿಳಿದವರಿಗೆ ಅರ್ಥವಾದೀತು ಎಂದುಕೊಂಡಳು. ಗಂಡನೂ ಮನೆಯಲ್ಲೇ ಇದ್ದ. ಅವನೇ, "ನಾನೂ ಇರ್ತೇನೆ, ಒಂದು ಮಾತು ಹೇಳ್ತೇನೆ ಭಟ್ರಿಗೆ," ಎಂದಿದ್ದ. ತಪ್ಪು ಮಾಡಿದ ಮೇಲೆ ಅವನು ಯಾವಾಗಲೂ ಸ್ವಲ್ಪ ಹೆಚ್ಚು ಒಳ್ಳೆಯವನಾಗುತ್ತಿದ್ದ.

ಭಟ್ಟರು ತಾರಸಿ ಹತ್ತಿ ಬಂದರು. ಹಸಿರು ನೆಟ್ಟು ನೋಡಿದರು, ಪೆಟ್ಟಿಗೆ ತಟ್ಟಿ ನೋಡಿದರು. "ಥರ್ಮೋಕೋಲು. ಒಳ್ಳೆ ಆಲೋಚನೆ. ನೀರು ಕಾಯುದಿಲ್ಲ." ಒಂದು ಮುಚ್ಚಳ ಎತ್ತಿ ಬೇರನ್ನು ಬೆರಳಲ್ಲಿ ಎತ್ತಿದರು. "ಬೇರು ಬೆಳ್ಳಗೆ ಉಂಟು. ಕೊಳೆ ಇಲ್ಲ."

"ಕ್ಯಾಬೇಜು ಎಲ್ಲಿ?"

"ಹೊರೆಕಾಣಿಕೆಗೆ ಹೋಯ್ತು ಭಟ್ರೆ. ಶನಿವಾರ ನಾನು ಹಾಲಿನ ಸೊಸೈಟಿಗೆ ಹೋಗಿದ್ದಾಗ ಕಡಿದು ಕೊಟ್ಟಿದ್ದಾರೆ. ಎಲ್ಲ ಗಟ್ಟಿ ಉಂಡೆ ಕಟ್ಟಿತ್ತು. ಅದೊಂದು ಮೂಲೆಯದ್ದು ಮಾತ್ರ ಕಟ್ಟಿದ್ದಿಲ್ಲ."

"ಹೊರೆಕಾಣಿಕೆಗೆ?" ಭಟ್ಟರು ಸೊಂಟ ನೇರ ಮಾಡಿದರು. "ಕ್ಯಾಬೇಜು?"

"ಹೌದು."

"ದೇವಸ್ಥಾನಕ್ಕೆ ಕ್ಯಾಬೇಜು ಯಾರು ಕೊಡ್ತಾರೆ ಅಮ್ಮ?" ಅವರ ಕಣ್ಣು ಪೆಟ್ಟಿಗೆಯ ಮೇಲಿನ ನೀಲಿ ಮೀನಿನ ಮೇಲೆ ನಿಂತಿತು. "ಅದೂ ಮೀನಿನ ಪೆಟ್ಟಿಗೆಯದ್ದು?"

ಅವಳು ಗಂಡನ ಕಡೆ ತಿರುಗಿದಳು. ಭಟ್ಟರೂ ತಿರುಗಿದರು. "ಹೌದಾ ರೂಪೇಶ್? ನೀವು ಕಮಿಟಿಯವರು. ಇದನ್ನು ಅಲ್ಲಿಗೆ ಕೊಟ್ಟದ್ದು ಹೌದಾ?"

ರೂಪೇಶ ನೆಟ್ಟಿನ ಗಂಟೊಂದನ್ನು ಸರಿಮಾಡುವವನಂತೆ ಎಳೆದ. ಭಟ್ಟರಿಗೆ ಹೌದು ಎಂದರೆ ಅದು ಸಂಜೆಯೊಳಗೆ ಅಡಿಗೆ ಭಟ್ಟರಿಗೆ ಮುಟ್ಟುತ್ತದೆ, ಅಲ್ಲಿಂದ ಉದಯನಿಗೆ, ಅಲ್ಲಿಂದ ಊರಿಗೆ.

"ಛೆ ಛೆ," ಎಂದ. "ನಮ್ಮ ಬೈಲಿನ ತರಕಾರಿ ಎಲ್ಲ ಸುಳ್ಯದಿಂದ ತಂದದ್ದು ಭಟ್ರೆ. ಇದು... ಇದಕ್ಕೆ ಹುಳ ಬಿದ್ದಿತ್ತು ಅಂತ ಕಾಣ್ತದೆ. ಕಡಿದು ಹಾಕಿದ್ದು."

"ಸುಳ್ಳು ಹೇಳ್ಬೇಡಿ ನೀವು," ಎಂದಳು ಭವಿತಾ. ಅವಳ ಧ್ವನಿ ಏರಲಿಲ್ಲ. "ಮೈಕಿನಲ್ಲಿ ಹೇಳಿದ್ದಾರೆ ಭಟ್ರೆ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

"ವಿಶೇಷ ತರಕಾರಿ ಅಂತ ಹೇಳಿದ್ದು. ಅದು ಬೇರೆ," ಎಂದ ರೂಪೇಶ. ಅವಳ ಮುಖ ನೋಡಲಿಲ್ಲ.

ಭಟ್ಟರಿಗೆ ಮುಜುಗರವಾಯಿತು. ಗಂಡ ಹೆಂಡಿರ ನಡುವಿನ ಮಾತಿಗೆ ನಿಲ್ಲುವುದು ಅವರ ಜಾಯಮಾನವಲ್ಲ. ಮೂಲೆಯ ಗಿಡದ ಹತ್ತಿರ ಹೋಗಿ ಅಗಲ ಎಲೆಗಳನ್ನು ಸರಿಸಿ ನಡುವಿಗೆ ಬೆರಳು ಹಾಕಿ ನೋಡಿದರು. ಒಳಗೆ ಏನೂ ಇರಲಿಲ್ಲ.

"ಬುಡ ಕಡಿದದ್ದು ಕಾಣ್ತದೆ. ಅದರ ಮೇಲೆ ಉಂಡೆ ಇತ್ತೋ ಬರೀ ಎಲೆ ಇತ್ತೋ ಬುಡ ನೋಡಿ ನಾನು ಹೇಗೆ ಹೇಳ್ಲಿ? ಉಳಿದದ್ದರಲ್ಲಿ ಉಂಡೆ ಇಲ್ಲ." ಟವೆಲಿನಲ್ಲಿ ಕೈ ಒರೆಸಿಕೊಂಡರು. "ಬೆಳೆ ಹಾಳಾಗುದು ಎಲ್ಲರಿಗೂ ಉಂಟು. ಕಟ್ಟಲಿಲ್ಲ ಅಂತ ಹೇಳಿದ್ರೂ ನಾನು ಯೋಚನೆ ಮಾಡ್ತಿದ್ದೆ. ಆದ್ರೆ ಅಲ್ಲಿ ಒಬ್ಬರೇ ಇರುವ ಕೆಲಸ. ಇದ್ದದ್ದು ಇದ್ದ ಹಾಗೆ ಹೇಳುವವರೇ ನನಗೆ ಬೇಕು. ಬೇಸರ ಮಾಡ್ಬೇಡಿ."

ಹೇಳುವುದನ್ನೆಲ್ಲ ಭವಿತಾ ಆಗಲೇ ಹೇಳಿಯಾಗಿತ್ತು, ಅದು ಸತ್ಯವೂ ಆಗಿತ್ತು, ಅದರಿಂದಲೇ ಕೆಲಸ ಕೆಟ್ಟದ್ದು.

ಮೆಟ್ಟಿಲಿನ ಹತ್ತಿರ ಭಟ್ಟರು ನಿಂತರು. "ಒಂದು ಕೇಳ್ತೇನೆ ರೂಪೇಶ್. ಇವರು ಕೆಲಸಕ್ಕೆ ಬರುದು ನಿಮಗೆ ಬೇಡ ಅಂತ ಏನಾದ್ರೂ ಉಂಟಾ?"

"ಅಯ್ಯೋ, ಎಂತ ಮಾತು ಭಟ್ರೆ!" ರೂಪೇಶನ ಮುಖ ನೊಂದುಕೊಂಡಿತು. ಅದು ನಟನೆಯಲ್ಲ. "ನಾನು ಯಾವತ್ತಾದ್ರೂ ಬೇಡ ಹೇಳಿದ್ದುಂಟಾ ಅಂತ ಅವಳನ್ನೇ ಕೇಳಿ."

ಭಟ್ಟರು ಅವಳ ಕಡೆ ನೋಡಿದರು.

"ಹೇಳಿದ್ದಿಲ್ಲ," ಎಂದಳು ಭವಿತಾ.

ಭಟ್ಟರು ಇಳಿದು ಹೋದರು. ರೂಪೇಶ ಅವರನ್ನು ಮಾರ್ಗದವರೆಗೆ ಕಳಿಸಿ ಬಂದು, ಬಾಗಿಲ ಬಳಿ ನಿಂತು, "ಮುಂದಿನ ವರ್ಷ ನಾನೇ ಜೊತೆಗೆ ನಿಂತು ಬೆಳೆಸಿ ಕೊಡ್ತೇನೆ, ನೋಡು," ಎಂದ. ಅವಳು ಬ್ರಹ್ಮಕಲಶದ ಊಟದಿಂದ ಬಂದಿದ್ದ ಮೇಜಿನ ಬಟ್ಟೆಗಳನ್ನು ಬಕೆಟಿಗೆ ಹಾಕುತ್ತಿದ್ದಳು.

ಬೆಟ್ಟಂಪಾಡಿಯ ಕೆಲಸ ಬೇರೆಯವರಿಗೆ ಹೋಯಿತು. ಏಪ್ರಿಲ್‌ನಲ್ಲಿ ಹಾಲಿನ ಕೇಂದ್ರ ಮುಚ್ಚಿತು. ಬೇಡ ಎಂದು ಒಂದು ದಿನವೂ ಹೇಳುವುದಿಲ್ಲ ಎಂದು ಅವಳ ಅಪ್ಪನಿಗೆ ಕೊಟ್ಟ ಮಾತನ್ನು ರೂಪೇಶ ಉಳಿಸಿಕೊಂಡ.